ಪಿಕಪ್‌ಗೆ ಗಟ್ಟಿ ಕವರ್ ಹಾಕಿಸೋದಾ, ಮೆತ್ತನೆಯದಾ? ಮೊದಲು ನಿಮ್ಮ ಲೋಡ್ ನೋಡಿ

ಎರಡು ವರ್ಷದ ಹಿಂದೆ, ಕಾರ್ತಿಕ ಮಾಸದಲ್ಲಿ, ಮಾವನ ಮನೆಯ ರೇಷ್ಮೆಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ನನ್ನ ಗಾಡಿಯಲ್ಲೇ ಹಾಕಿಕೊಂಡು ಹೋಗಿದ್ದೆ. ಗಾಡಿಗೆ ಆಗತಾನೇ ಫೈಬರ್‌ನ ಗಟ್ಟಿ ಮುಚ್ಚಳ ಹಾಕಿಸಿದ್ದೆ. ಬೆಳಿಗ್ಗೆ ಬೇಗ ಹೊರಡಬೇಕಿತ್ತು. ಇಬ್ಬನಿ ಬೀಳುತ್ತದೆ, ಇಲಿ ಕಾಟ ಬೇರೆ, ಯಾಕೆ ಬೇಕು ಅಂತ ರಾತ್ರಿಯೇ ಚೀಲ ಜೋಡಿಸಿ, ಮುಚ್ಚಳ ಇಳಿಸಿ, ಬೀಗ ಹಾಕಿ ಮಲಗಿದೆ. ಬೆಳಿಗ್ಗೆ ಮಾರುಕಟ್ಟೆ ಹತ್ತಿರ ಮುಚ್ಚಳ ಎತ್ತಿದಾಗ ಒಳಗಿಂದ ಬೆಚ್ಚನೆ ಗಾಳಿ ಮುಖಕ್ಕೆ ಬಂತು. ಮುಚ್ಚಳದ ಒಳಮೈ ಪೂರ್ತಿ ನೀರಿನ ಹನಿ, ಇಡ್ಲಿ ಪಾತ್ರೆ ಮುಚ್ಚಳ ತೆಗೆದಾಗ ಇರುತ್ತದಲ್ಲ ಹಾಗೆ. ಮೇಲಿನ ಚೀಲಗಳು ಕೈಗೆ ತಣ್ಣಗೆ, ಒದ್ದೆ ಒದ್ದೆ.

ಗೂಡಿನ ಒಳಗೆ ಜೀವ ಇರುತ್ತದೆ. ಅದು ಉಸಿರಾಡುತ್ತದೆ. ಉಸಿರಾಡಿದ ತೇವ ಹೊರಗೆ ಹೋಗಲು ದಾರಿ ಬೇಕು. ನಾನು ಆ ದಾರಿಗೆ ರಬ್ಬರ್ ಸೀಲ್ ಹಾಕಿ ಬೀಗ ಹಾಕಿದ್ದೆ. ಗೂಡು ಕೊಂಡು ನೂಲು ತೆಗೆಯುವ ರೀಲರ್ ಒಬ್ಬರು ಬಂದು ಚೀಲದೊಳಗೆ ಮೊಣಕೈವರೆಗೂ ಕೈ ಹಾಕಿದರು, ಒಂದು ಗೂಡು ತೆಗೆದು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು, ಏನೂ ಮಾತಾಡದೆ ಮುಂದಿನ ಲಾಟ್‌ಗೆ ಹೋದರು. ಅವತ್ತು ನಮಗೆ ಸಿಕ್ಕ ರೇಟು ಪಕ್ಕದ ಲಾಟ್‌ಗಿಂತ ಕಡಿಮೆ. ಇಪ್ಪತ್ತೈದು ದಿನಕ್ಕೂ ಜಾಸ್ತಿ ಹಗಲೂ ರಾತ್ರಿ ಹುಳ ಸಾಕಿದ ಅತ್ತೆ ಮಾವನ ಮುಖ ನೋಡಲು ನನಗೆ ಆಗಲಿಲ್ಲ.

ಅದಾದ ಮೇಲೆ ನಾನು ಈ ಕವರ್‌ಗಳ ವಿಷಯ ಸರಿಯಾಗಿ ತಿಳಿದುಕೊಂಡೆ. ಗಟ್ಟಿಯದನ್ನೂ ಬಳಸಿದ್ದೇನೆ, ಮೆತ್ತನೆಯದನ್ನೂ ಬಳಸಿದ್ದೇನೆ, ಈಗಲೂ ಎರಡೂ ಮನೆಯಲ್ಲಿವೆ. ಹೊಸದಾಗಿ ಗಾಡಿ ತಗೊಂಡವರು ಯಾವುದು ಹಾಕಿಸಲಿ ಅಂತ ಕೇಳುತ್ತಲೇ ಇರುತ್ತಾರೆ, ಅದಕ್ಕೇ ಒಂದೇ ಸಲ ವಿವರವಾಗಿ ಬರೆಯುತ್ತಿದ್ದೇನೆ.

ಅಂಗಡಿಗೆ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಒಂದು ಹಾಳೆ ತಗೊಂಡು, ಕಳೆದ ಮೂರು ತಿಂಗಳಲ್ಲಿ ನಿಮ್ಮ ಗಾಡಿಯ ಹಿಂದೆ ಏನೇನು ಹೋಯಿತು ಅಂತ ಬರೆಯಿರಿ. ಟೊಮೆಟೊ, ಹೂವು, ಗೊಬ್ಬರ, ಡ್ರಿಪ್ ಪೈಪು, ಸಿಮೆಂಟು, ಸಾಮಾನು ಸರಂಜಾಮು, ಎಲ್ಲಾ. ಪ್ರತಿಯೊಂದರ ಮುಂದೆ ಮೂರೇ ವಿಷಯ ಗುರುತು ಹಾಕಿ. ಈ ಲೋಡು ಬಾಡಿಯ ಪಕ್ಕದ ಗೋಡೆಗಿಂತ ಮೇಲಕ್ಕೆ ಬರುತ್ತದಾ? ಇದಕ್ಕೆ ಗಾಳಿ ಬೇಕಾ? ಇದನ್ನು ಗಾಡಿಯಲ್ಲೇ ಬಿಟ್ಟು ನೀವು ಬೇರೆ ಕಡೆ ಹೋಗುತ್ತೀರಾ? ಕವರ್ ಆರಿಸುವ ಕೆಲಸದಲ್ಲಿ ಮುಕ್ಕಾಲು ಭಾಗ ಇಲ್ಲೇ ಮುಗಿಯುತ್ತದೆ. ಉಳಿದದ್ದು ದುಡ್ಡು ಮತ್ತು ಫಿಟ್ಟಿಂಗ್.

ಮೊದಲು ಗಾಡಿಯ ಬಾಡಿ ಯಾವ ತರದ್ದು ನೋಡಿ

ನಮ್ಮ ಕಡೆ ಪಿಕಪ್ ಅಂದರೆ ಜಾಸ್ತಿ ಬೊಲೆರೊ, ದೋಸ್ತ್, ಯೋಧ, ಇನ್ನೂ ಚಿಕ್ಕದಾದರೆ ಟಾಟಾ ಏಸ್. ಇವು ದುಡಿಯುವ ಗಾಡಿಗಳು. ಇವುಗಳಲ್ಲಿ ಮೂರು ಕಡೆ ಡೋರ್ ಬಿಚ್ಚುವ ಬಾಡಿ ಇದ್ದರೆ, ಬಾಡಿ ಮೇಲೆ ಚಪ್ಪಟೆಯಾಗಿ ಕೂರುವ ಗಟ್ಟಿ ಮುಚ್ಚಳದ ಆಸೆ ಬಿಟ್ಟುಬಿಡಿ. ಪಕ್ಕದ ಡೋರೇ ಕೆಳಗೆ ಬೀಳುವಾಗ ಮುಚ್ಚಳವನ್ನು ಯಾವುದಕ್ಕೆ ಕ್ಲ್ಯಾಂಪ್ ಮಾಡುತ್ತೀರಿ? ಇಂಥ ಗಾಡಿಗೆ ಕಬ್ಬಿಣದ ಕಮಾನು ನಿಲ್ಲಿಸಿ ಮೇಲೆ ಟಾರ್ಪಾಲು ಎಳೆಯುವುದು ಒಂದು ದಾರಿ, ಪೂರ್ತಿ ತಗಡಿನ ಡಬ್ಬ ಕಟ್ಟಿಸುವುದು ಇನ್ನೊಂದು ದಾರಿ. ಡಬ್ಬದ ವಿಷಯ ಕೊನೆಗೆ ಹೇಳುತ್ತೇನೆ, ಅದರಲ್ಲಿ ಆರ್‌ಟಿಒ ಕೆಲಸವೂ ಇದೆ.

ಇಸುಜು ವಿ-ಕ್ರಾಸ್, ಟೊಯೋಟಾ ಹೈಲಕ್ಸ್ ತರದ ಡಬಲ್ ಕ್ಯಾಬ್ ಗಾಡಿಗಳಲ್ಲಿ ಹಿಂದೆ ಇರುವುದು ತೊಟ್ಟಿಯಂಥ ಬಾಡಿ. ಪಕ್ಕದ ಗೋಡೆ ಗಟ್ಟಿಯಾಗಿ ನಿಂತಿರುತ್ತದೆ, ಹಿಂದಿನ ಡೋರ್ ಒಂದೇ ತೆರೆಯುತ್ತದೆ. ಗಟ್ಟಿಯೋ ಮೆತ್ತನೆಯದೋ ಅನ್ನುವ ಪ್ರಶ್ನೆ ನಿಜವಾಗಿ ಬರುವುದು ಇಂಥ ಗಾಡಿಗೇ. ನನ್ನದೂ ಇದೇ ತರದ್ದು.

ಮೆತ್ತನೆ ಕವರ್ ಅಂದರೆ ವಿನೈಲ್ ಅಥವಾ ದಪ್ಪ ಕ್ಯಾನ್ವಾಸ್ ಬಟ್ಟೆ. ಬಾಡಿ ಅಂಚಿಗೆ ಅಲ್ಯೂಮಿನಿಯಂ ಪಟ್ಟಿ ಕೂರಿಸಿ, ಬಟ್ಟೆಯನ್ನು ಅದಕ್ಕೆ ವೆಲ್ಕ್ರೋದಿಂದಲೋ ಬಟನ್‌ನಿಂದಲೋ ಹಿಡಿಸುತ್ತಾರೆ. ಅಡ್ಡಕ್ಕೆ ಎರಡು ಮೂರು ಬಿಲ್ಲಿನಂಥ ಪಟ್ಟಿ ಕೊಟ್ಟು ಬಟ್ಟೆ ಜೋತು ಬೀಳದ ಹಾಗೆ ಎತ್ತಿ ಹಿಡಿದಿರುತ್ತಾರೆ. ಬೇಡ ಅಂದಾಗ ಚಾಪೆ ಸುತ್ತಿದ ಹಾಗೆ ಸುತ್ತಿ ಕ್ಯಾಬ್ ಹಿಂದೆ ಪಟ್ಟಿ ಕಟ್ಟಿ ಇಟ್ಟರೆ ಆಯಿತು. ಒಬ್ಬರೇ ಮಾಡಬಹುದು, ಒಂದು ನಿಮಿಷದ ಕೆಲಸ.

ಗಟ್ಟಿ ಕವರ್‌ನಲ್ಲಿ ಮೂರು ಜಾತಿ. ಒಂದೇ ತುಂಡಿನ ಫೈಬರ್ ಮುಚ್ಚಳ, ಕಾರಿನ ಡಿಕ್ಕಿ ತರ ಗ್ಯಾಸ್ ಸ್ಟ್ರಟ್ (ಗ್ಯಾಸ್ ತುಂಬಿದ, ಮುಚ್ಚಳ ಎತ್ತಿ ಹಿಡಿಯುವ ಕೊಳವೆ) ಮೇಲೆ ಏಳುತ್ತದೆ. ನೋಡಲು ಬಹಳ ಚೆನ್ನ, ಆದರೆ ಎತ್ತರದ ಲೋಡ್ ಬಂದಾಗ ಇಡೀ ಮುಚ್ಚಳ ಬಿಚ್ಚಿ ಕೆಳಗಿಡಬೇಕು. ಅದಕ್ಕೆ ಇಬ್ಬರು ಬೇಕು, ಇಡಲು ಜಾಗ ಬೇಕು. ಎರಡನೆಯದು ಮೂರು ನಾಲ್ಕು ಮಡಿಕೆ ಆಗುವ ಅಲ್ಯೂಮಿನಿಯಂ ಹಲಗೆಯದು. ಮಡಿಸಿ ಕ್ಯಾಬ್ ಕಡೆ ಒರಗಿಸಬಹುದು, ಪೂರ್ತಿ ನಿಲ್ಲಿಸಿದರೆ ಹಿಂದಿನ ಗಾಜು ಕಾಣುವುದಿಲ್ಲ ಅನ್ನುವುದು ನೆನಪಿರಲಿ. ಮೂರನೆಯದು ಅಂಗಡಿ ಶಟರ್ ತರ ಸುರುಳಿ ಸುತ್ತಿಕೊಳ್ಳುವ ರೋಲರ್. ಬಳಸಲು ಇದರಷ್ಟು ಸುಲಭ ಇನ್ನೊಂದಿಲ್ಲ, ಆದರೆ ಸುರುಳಿ ಕೂರುವ ಡಬ್ಬ ಬಾಡಿಯ ಮುಂದಿನ ಮೂಲೆಯಲ್ಲಿ ಸುಮಾರು ಒಂದು ಗೇಣು ಜಾಗ ತಿನ್ನುತ್ತದೆ. ಡಬಲ್ ಕ್ಯಾಬ್‌ನ ಬಾಡಿ ಮೊದಲೇ ಗಿಡ್ಡ, ಅದರಲ್ಲಿ ಗೇಣು ಹೋದರೆ ನೋವಾಗುತ್ತದೆ.

ಬೆಲೆಯಲ್ಲಿ ಮೆತ್ತನೆಯದು ಯಾವಾಗಲೂ ಅಗ್ಗ. ಗಟ್ಟಿಯದು ಅದರ ಕೆಲವು ಪಟ್ಟು ಆಗುತ್ತದೆ, ರೋಲರ್ ಆದರೆ ಇನ್ನೂ ಜಾಸ್ತಿ.

ಲೋಡು ಏನು ಕೇಳುತ್ತದೆ

ಟೊಮೆಟೊದಿಂದ ಶುರು ಮಾಡೋಣ. ಕೋಲಾರದ ಎಪಿಎಂಸಿಗೆ ಹೋಗುವವರಿಗೆ ಗೊತ್ತು, ಒಂದು ಬಾಕ್ಸ್ 15 ಕೆಜಿ ಲೆಕ್ಕ. ಬಾಕ್ಸ್ ಮೇಲೆ ಬಾಕ್ಸ್ ಪೇರಿಸಿದರೆ ಎರಡನೇ ಸಾಲಿಗೇ ಬಾಡಿ ಗೋಡೆ ದಾಟುತ್ತದೆ. ಚಪ್ಪಟೆ ಗಟ್ಟಿ ಮುಚ್ಚಳ ಅಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ. ಜುಲೈ ತಿಂಗಳ ಸೀಸನ್‌ನಲ್ಲಿ ಮುಚ್ಚಳ ಬಿಚ್ಚಿ ಮನೆ ಜಗಲಿ ಮೇಲೆ ಇಟ್ಟು, ಸೀಸನ್ ಮುಗಿಯುವವರೆಗೆ ಅದರ ಮೇಲೆ ಮಕ್ಕಳು ಹತ್ತದ ಹಾಗೆ ಕಾಯಬೇಕು. ನಾನು ಮಾಡಿದ್ದೇನೆ. ಸೀಸನ್ ಲೋಡು ಟೊಮೆಟೊ ಆದರೆ ನಿಮ್ಮ ದುಡ್ಡು ಮೆತ್ತನೆ ಕವರ್‌ಗೆ ಹಾಕಿ, ಅದನ್ನು ಸುತ್ತಿಟ್ಟು ಬಾಕ್ಸ್ ಪೇರಿಸಿ, ಮೇಲೆ ಬೇರೆ ಹೊದಿಕೆ ಎಳೆಯಿರಿ.

ಆ ಮೇಲಿನ ಹೊದಿಕೆ ಯಾವುದು ಅನ್ನುವುದರಲ್ಲಿ ತುಂಬಾ ಜನ ತಪ್ಪು ಮಾಡುತ್ತಾರೆ. ಹಗಲು ಹೊತ್ತು ಪ್ಲಾಸ್ಟಿಕ್ ಟಾರ್ಪಾಲನ್ನು ಟೊಮೆಟೊ ಮೇಲೆ ಬಿಗಿಯಾಗಿ ಎಳೆದರೆ ಕಾಯಿ ಬೆವರುತ್ತದೆ. ಬೆವರಿದ ಕಾಯಿ ಮೆತ್ತಗಾಗುತ್ತದೆ, ತೊಟ್ಟಿನ ಹತ್ತಿರ ಕೊಳೆ ಹಿಡಿಯುತ್ತದೆ, ಒಂದು ಕಾಯಿ ಒಡೆದರೆ ಕೆಳಗಿನ ಬಾಕ್ಸ್ ಪೂರ್ತಿ ಹಾಳು. ಬಿಸಿಲಿದ್ದರೆ ಶೇಡ್ ನೆಟ್ ಹಾಕಿ. ಹೌದು, ಹೂವಿನ ತೋಟಕ್ಕೆ, ನರ್ಸರಿಗೆ ಹಾಕುವ ಅದೇ ಹಸಿರು ಬಲೆ. ಐವತ್ತು ಪರ್ಸೆಂಟ್ ನೆರಳಿನದು ಸಾಕು. ಬಿಸಿಲು ತಡೆಯುತ್ತದೆ, ಗಾಳಿ ಆಡುತ್ತದೆ, ಬಾಕ್ಸ್ ಹಾರುವುದಿಲ್ಲ. ಟಾರ್ಪಾಲು ಕ್ಯಾಬ್ ಒಳಗೆ ಮಡಿಸಿ ಇರಲಿ, ಮಳೆ ಬಂದಾಗ ಮಾತ್ರ ತೆಗೆಯಿರಿ.

ಚಿಕ್ಕಬಳ್ಳಾಪುರದ ಕಡೆ ಹೂವು ಸಾಗಿಸುವವರದೂ ಇದೇ ಕಥೆ. ಸೇವಂತಿಗೆ, ಚೆಂಡುಹೂವು ಚೀಲದಲ್ಲಿ ಒತ್ತಿ ತುಂಬಿರುತ್ತೀರಿ, ಒಳಗೆ ತಾನೇ ತಾನಾಗಿ ಬಿಸಿ ಏಳುತ್ತದೆ. ಅದರ ಮೇಲೆ ಕಪ್ಪು ಗಟ್ಟಿ ಮುಚ್ಚಳ ಬಿಸಿಲಲ್ಲಿ ಕಾಯುತ್ತಾ ನಿಂತರೆ ಏನಾಗುತ್ತದೆ ಹೇಳಿ. ದ್ರಾಕ್ಷಿಗೂ ಅಷ್ಟೇ.

ಈಗ ರೇಷ್ಮೆ. ಇದರ ಬಗ್ಗೆ ನನಗೆ ಸ್ವಲ್ಪ ಜಾಸ್ತಿ ಹೇಳುವುದಿದೆ. ಗೂಡು ಸಾಗಿಸುವಾಗ ಚೀಲ ಸಡಿಲ ತುಂಬಬೇಕು, ಬಲೆ ಚೀಲ ಅಥವಾ ತೆಳು ಹತ್ತಿಬಟ್ಟೆ ಚೀಲ ಆದರೆ ಒಳ್ಳೆಯದು, ತಂಪು ಹೊತ್ತಿನಲ್ಲಿ ಹೊರಡಬೇಕು. ಮೇಲೆ ಹೊದಿಕೆ ಬೇಕೇ ಬೇಕು, ಯಾಕೆಂದರೆ ಮಳೆಗೆ ನೆನೆದ ಗೂಡಿಗೆ ಬೆಲೆ ಇಲ್ಲ. ಆದರೆ ಹೊದಿಕೆಗೂ ಚೀಲಕ್ಕೂ ಮಧ್ಯೆ ಒಂದು ಅಡಿಯಾದರೂ ಜಾಗ ಬಿಟ್ಟು, ಮುಂದೆ ಹಿಂದೆ ಗಾಳಿ ಓಡಾಡುವ ಹಾಗೆ ಇರಬೇಕು. ಕಮಾನಿನ ಮೇಲೆ ಎಳೆದ ಟಾರ್ಪಾಲು ಇದನ್ನು ಸಲೀಸಾಗಿ ಮಾಡುತ್ತದೆ. ಮೆತ್ತನೆ ಕವರ್ ಆದರೆ ಹಿಂದಿನ ಅಂಚನ್ನು ಅರ್ಧ ಅಡಿ ಸುತ್ತಿ ಕಟ್ಟಿ. ಒಂದೇ ತುಂಡಿನ ಗಟ್ಟಿ ಮುಚ್ಚಳದಲ್ಲಿ ಇದಕ್ಕೆ ದಾರಿಯೇ ಇಲ್ಲ, ಮುಚ್ಚಿದರೆ ಪೂರ್ತಿ ಮುಚ್ಚಿತು, ತೆರೆದರೆ ಪೂರ್ತಿ ತೆರೆಯಿತು.

ಹಿಪ್ಪುನೇರಳೆ ಸೊಪ್ಪಿನ ಕಥೆ ಬೇರೆ. ಸೊಪ್ಪಿಗೆ ಗಾಳಿ ಜಾಸ್ತಿ ಆದರೂ ಕಷ್ಟ, ಕಡಿಮೆ ಆದರೂ ಕಷ್ಟ. ತೆರೆದ ಗಾಡಿಯಲ್ಲಿ ಸ್ಪೀಡಾಗಿ ತಂದರೆ ಮನೆ ಸೇರುವಷ್ಟರಲ್ಲಿ ಬಾಡಿ ಹೋಗಿರುತ್ತದೆ, ಬಾಡಿದ ಸೊಪ್ಪನ್ನು ಹುಳ ಮುಟ್ಟುವುದಿಲ್ಲ. ಒತ್ತಿ ತುಂಬಿ ಮುಚ್ಚಿದರೆ ಒಳಗೆ ಬಿಸಿ ಏರಿ ಸೊಪ್ಪು ಕಪ್ಪಾಗುತ್ತದೆ. ಒದ್ದೆ ಗೋಣಿಚೀಲ ಹೊದಿಸಿ, ಅದರ ಮೇಲೆ ಮೆತ್ತನೆ ಕವರ್ ಸಡಿಲವಾಗಿ ಎಳೆದು ತರುವುದು ನಾನು ಕಂಡ ಒಳ್ಳೆ ದಾರಿ.

ಇನ್ನೊಂದು ಮಾತು, ದಯವಿಟ್ಟು ಇದನ್ನು ಮರೆಯಬೇಡಿ. ಟೊಮೆಟೊ ತೋಟಕ್ಕೆ ಔಷಧಿ ಕ್ಯಾನ್, ಸ್ಪ್ರೇಯರ್ ಸಾಗಿಸಿದ ಬಾಡಿಯಲ್ಲಿ ತೊಳೆಯದೆ ಸೊಪ್ಪು ಹಾಕಬೇಡಿ. ರೇಷ್ಮೆ ಹುಳ ಕೀಟನಾಶಕಕ್ಕೆ ಎಷ್ಟು ಸೂಕ್ಷ್ಮ ಅಂದರೆ ಸೊಪ್ಪಿಗೆ ತಾಗಿದ ಸ್ವಲ್ಪ ಅಂಶಕ್ಕೂ ಇಡೀ ಬೆಳೆ ಹೋಗಬಹುದು. ಬಟ್ಟೆ ಕವರ್‌ಗೆ ಔಷಧಿ ಹೀರಿಕೊಂಡರೆ ಎಷ್ಟು ತೊಳೆದರೂ ನಂಬುವ ಹಾಗಿಲ್ಲ. ನಮ್ಮ ಮನೆಯಲ್ಲಿ ಸೊಪ್ಪಿಗೆ ಅಂತಲೇ ಒಂದು ಬೇರೆ ಹೊದಿಕೆ ಇದೆ, ಅದಕ್ಕೆ ಕೆಂಪು ದಾರದಲ್ಲಿ ಅಂಚು ಹೊಲಿದಿದ್ದೇವೆ, ಬೇರೆ ಯಾವುದಕ್ಕೂ ಬಳಸುವುದಿಲ್ಲ.

ಗೊಬ್ಬರ, ಸಿಮೆಂಟು, ಹಿಂಡಿ, ಫೀಡು ಇಂಥದ್ದಕ್ಕೆ ಒಣಗಿದ್ದರೆ ಸಾಕು, ಗಾಳಿ ಬೇಡ. ಬಾಡಿ ಗೋಡೆಯೊಳಗೆ ಹಿಡಿಸುವಷ್ಟಾದರೆ ಗಟ್ಟಿಯದೇ ಮೇಲು. ತಿಪಟೂರಿನ ಕಡೆ ಕೊಬ್ಬರಿ ಚೀಲ ಸಾಗಿಸುವವರು ಎತ್ತರಕ್ಕೆ ಪೇರಿಸುತ್ತಾರೆ, ಅವರಿಗೆ ಟಾರ್ಪಾಲೇ ಗತಿ.

ಹಾಗಾದರೆ ಗಟ್ಟಿ ಕವರ್ ಯಾರಿಗೆ? ಗಾಡಿಯಲ್ಲೇ ಬೆಲೆಬಾಳುವ ಸಾಮಾನು ಬಿಟ್ಟು ಬೇರೆ ಕಡೆ ಹೋಗುವವರಿಗೆ. ನರಸಾಪುರ ಇಂಡಸ್ಟ್ರಿಯಲ್ ಏರಿಯಾದಲ್ಲಿ ವೈರಿಂಗ್ ಕೆಲಸ ಮಾಡುವ ನನ್ನ ಸ್ನೇಹಿತನೊಬ್ಬ ಇದ್ದಾನೆ. ಅವನ ಗಾಡಿಯಲ್ಲಿ ಯಾವಾಗಲೂ ಡ್ರಿಲ್ಲಿಂಗ್ ಮಿಷನ್, ಕೇಬಲ್ ಸುರುಳಿ, ಮೀಟರ್‌ಗಳು ಇರುತ್ತವೆ. ತಾಮ್ರದ ಕೇಬಲ್ ಬೆಲೆ ಗೊತ್ತಲ್ವಾ? ಮೆತ್ತನೆ ಕವರನ್ನು ಬ್ಲೇಡಿನಿಂದ ಗೀರಿದರೆ ಮುಗಿಯಿತು, ಸದ್ದೂ ಇಲ್ಲ. ಅವನಿಗೆ ನಾನು ಕಣ್ಣು ಮುಚ್ಚಿ ಮಡಚುವ ಅಲ್ಯೂಮಿನಿಯಂ ಕವರ್ ಹಾಕಿಸು ಅಂದೆ. ಪಂಪ್ ರಿಪೇರಿ ಮಾಡುವವರು, ಮದುವೆ ಫೋಟೊ ತೆಗೆಯುವವರು, ಸೌಂಡ್ ಸಿಸ್ಟಮ್‌ನವರು, ರಾತ್ರಿ ರಸ್ತೆಯಲ್ಲಿ ಗಾಡಿ ನಿಲ್ಲಿಸುವವರು, ಇವರಿಗೆಲ್ಲ ಗಟ್ಟಿಯದೇ. ಒಂದು ಮಾತ್ರ ನೋಡಿಕೊಳ್ಳಿ. ಹಿಂದಿನ ಡೋರ್‌ಗೆ ಬೀಗ ಇಲ್ಲದಿದ್ದರೆ ಮುಚ್ಚಳ ಎಷ್ಟು ಗಟ್ಟಿ ಇದ್ದು ಏನು ಪ್ರಯೋಜನ? ಡೋರ್ ಇಳಿಸಿ ಎಲ್ಲ ಎತ್ತಿಕೊಂಡು ಹೋಗುತ್ತಾರೆ. ಮುಚ್ಚಳದ ಜೊತೆಗೇ ಡೋರ್ ಬೀಗವನ್ನೂ ಹಾಕಿಸಿ.

ಕವರ್ ಹಾಕಿದರೆ ಡೀಸೆಲ್ ಉಳಿಯುತ್ತದೆ ಅನ್ನುವ ಮಾತು ನಂಬಿ ದುಡ್ಡು ಹಾಕಬೇಡಿ. ಹೈವೇ ಸ್ಪೀಡಿನಲ್ಲಿ ಗಾಳಿಯ ಎಳೆತ ಸ್ವಲ್ಪ ಕಡಿಮೆ ಆಗುವುದು ನಿಜ. ಹಳ್ಳಿ ರಸ್ತೆಯಲ್ಲಿ, ಚಿಂತಾಮಣಿ ಸರ್ಕಲ್‌ನಲ್ಲಿ ನಿಂತು ನಿಂತು ಹೋಗುವಾಗ ಏನೂ ವ್ಯತ್ಯಾಸ ಇಲ್ಲ. ಹಿಂದಿನ ಡೋರ್ ಇಳಿಸಿ ಓಡಿಸಿದರೆ ಮೈಲೇಜ್ ಬರುತ್ತದೆ ಅಂತಲೂ ಕೆಲವರು ಹೇಳುತ್ತಾರೆ. ಅದೂ ಬೇಡ. ಡೋರ್ ಮುಚ್ಚಿದ್ದಾಗ ಬಾಡಿಯೊಳಗೆ ಗಾಳಿ ಸುತ್ತುತ್ತಾ ನಿಲ್ಲುತ್ತದೆ, ಮೇಲಿನ ಗಾಳಿ ಅದರ ಮೇಲೆ ಜಾರಿ ಹೋಗುತ್ತದೆ. ಡೋರ್ ಇಳಿಸಿದರೆ ಅದು ಕೆಡುತ್ತದೆ.

ಮಳೆ, ಧೂಳು, ಬಿಸಿಲು

ಯಾವ ಕವರ್ ಹಾಕಿದರೂ ಒಂದು ಹನಿ ನೀರು ಬರಲ್ಲ ಅನ್ನುವ ಅಂಗಡಿಯವರ ಮಾತು ಹಾಗೇ ನಂಬಬೇಡಿ. ನೀರು ಬರುವುದು ಕವರ್‌ನ ಮಧ್ಯದಿಂದ ಅಲ್ಲ, ಹಿಂದಿನ ಡೋರ್‌ನ ಪಕ್ಕದ ಸಂದಿಯಿಂದ, ಮುಂದಿನ ಎರಡು ಮೂಲೆಯಿಂದ. ಹಾಕಿಸಿದ ದಿನವೇ ಪರೀಕ್ಷೆ ಮಾಡಿ. ಬಾಡಿ ತುಂಬಾ ಹಳೆ ಪೇಪರ್ ಹಾಸಿ, ಕವರ್ ಮುಚ್ಚಿ, ಅಂಚಿನುದ್ದಕ್ಕೂ ಚೊಂಬಿನಿಂದ ನಿಧಾನವಾಗಿ ನೀರು ಸುರಿಯಿರಿ. ಹತ್ತು ನಿಮಿಷ ಬಿಟ್ಟು ತೆಗೆದು ನೋಡಿ. ಪೇಪರ್ ಎಲ್ಲಿ ಒದ್ದೆ ಆಗಿದೆಯೋ ಅಲ್ಲಿ ಸೀಲ್ ಸರಿಯಿಲ್ಲ. ಅಂಗಡಿ ಮುಂದೆಯೇ ಮಾಡಿ, ಅಲ್ಲೇ ಸರಿ ಮಾಡಿಸಿಕೊಳ್ಳಿ. ಡೋರ್ ಸಂದಿಗೆ ಬೇರೆ ರಬ್ಬರ್ ಬೀಡಿಂಗ್ ಬರುತ್ತದೆ, ಅದನ್ನು ಹಾಕಿಸಿದರೆ ಮುಕ್ಕಾಲು ನೀರು ನಿಲ್ಲುತ್ತದೆ, ಧೂಳೂ ನಿಲ್ಲುತ್ತದೆ.

ನಮ್ಮಲ್ಲಿ ಮಳೆಗಿಂತ ಧೂಳು ಜಾಸ್ತಿ. ಚಿಕ್ಕಬಳ್ಳಾಪುರದ ಸುತ್ತ ಜೆಲ್ಲಿ ಕ್ರಷರ್ ಇರುವ ರಸ್ತೆಗಳಲ್ಲಿ ಓಡಾಡುವವರು ರೋಲರ್ ಕವರ್ ತಗೊಳ್ಳುವ ಮುಂಚೆ ಎರಡು ಸಲ ಯೋಚಿಸಿ. ಕಲ್ಲಿನ ಧೂಳು ಶಟರ್ ಓಡುವ ಚಾನೆಲ್‌ನಲ್ಲಿ ಕೂತು ಕಚ್ಚಿಕೊಳ್ಳುತ್ತದೆ. ಅದರ ನೀರು ಹೋಗುವ ಸಣ್ಣ ಪೈಪುಗಳೂ ಕಟ್ಟಿಕೊಳ್ಳುತ್ತವೆ, ಆಮೇಲೆ ಮಳೆ ಬಂದಾಗ ನೀರು ಬಾಡಿಯೊಳಗೇ ಇಳಿಯುತ್ತದೆ. ತಿಂಗಳಿಗೊಮ್ಮೆ ಪೈಪಿಗೆ ಗಾಳಿ ಹೊಡೆಸುವ ತಾಳ್ಮೆ ಇದ್ದರೆ ಮಾತ್ರ ತಗೊಳ್ಳಿ.

ವಿನೈಲ್‌ಗೆ ದೊಡ್ಡ ಶತ್ರು ಬಿಸಿಲು. ಅದನ್ನು ಮೆತ್ತಗೆ ಇಟ್ಟಿರುವ ಎಣ್ಣೆಯಂಥ ಅಂಶ ಬಿಸಿಲಿಗೆ ನಿಧಾನವಾಗಿ ಆರಿಹೋಗುತ್ತದೆ, ಆಗ ಬಟ್ಟೆ ಗಡುಸಾಗಿ ಮಡಿಕೆ ಬಿದ್ದ ಕಡೆ ಬಿರುಕು ಬಿಡುತ್ತದೆ. ಗಾಡಿ ದಿನವಿಡೀ ಬಿಸಿಲಲ್ಲಿ ನಿಲ್ಲುವುದಾದರೆ ಮೆತ್ತನೆ ಕವರನ್ನು ಕೆಲವು ವರ್ಷಕ್ಕೊಮ್ಮೆ ಬದಲಾಯಿಸಬೇಕಾಗುತ್ತದೆ ಅಂತ ಲೆಕ್ಕ ಇಟ್ಟುಕೊಂಡೇ ತಗೊಳ್ಳಿ. ಡೀಸೆಲ್, ಥಿನ್ನರ್ ಹಾಕಿ ಒರೆಸಬೇಡಿ. ಸೋಪು ನೀರು ಸಾಕು. ಚಳಿಗಾಲದಲ್ಲಿ ಬೆಳಿಗ್ಗೆ ಅದು ಕುಗ್ಗಿ ಬಟನ್ ಎಟುಕದೆ ಇರಬಹುದು. ಎಳೆದು ಹರಿಯಬೇಡಿ, ಬಿಸಿಲು ಬಂದ ಮೇಲೆ ಹಾಕಿ. ಹೊಸದನ್ನು ಹಾಕುವ ದಿನವೂ ಅಷ್ಟೇ, ಮೊದಲು ಒಂದು ಗಂಟೆ ಬಿಸಿಲಲ್ಲಿ ಹಾಸಿ, ಆಮೇಲೆ ಕೂರಿಸಿ.

ಟಾರ್ಪಾಲು ತಗೊಳ್ಳುವವರು ಬಣ್ಣ ನೋಡಿ ತಗೊಳ್ಳಬೇಡಿ, ಜಿಎಸ್‌ಎಂ ಕೇಳಿ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಅದು. ರಾಗಿ ಒಕ್ಕಣೆಗೆ ಹಾಸುವ ತೆಳು ನೀಲಿ ಟಾರ್ಪಾಲು ನೂರರ ಆಸುಪಾಸು ಇರುತ್ತದೆ, ಹೈವೇ ಗಾಳಿಗೆ ಅದು ಪಟಪಟ ಅಂತ ಹೊಡೆದುಕೊಂಡು ಸ್ವಲ್ಪ ದಿನಕ್ಕೇ ಚಿಂದಿ ಆಗುತ್ತದೆ. ಗಾಡಿಗೆ ಪಿವಿಸಿ ಕೋಟಿಂಗ್ ಇರುವ ಐನೂರಕ್ಕಿಂತ ಮೇಲಿನದು ತಗೊಳ್ಳಿ. ಅಂಚಿನ ರಿಂಗು ಹಿತ್ತಾಳೆಯದಿರಲಿ, ರಿಂಗ್ ಇರುವ ಕಡೆ ಬಟ್ಟೆ ಎರಡು ಪದರ ಇದೆಯಾ ಅಂತ ಬೆರಳಲ್ಲಿ ಒತ್ತಿ ನೋಡಿ. ಹರಿಯುವುದು ಯಾವಾಗಲೂ ಅಲ್ಲಿಂದಲೇ.

ಕಟ್ಟುವ ವಿಧಾನವೂ ಮುಖ್ಯ. ಎರಡು ಟಾರ್ಪಾಲು ಹಾಕುವುದಾದರೆ ಹಿಂದಿನದನ್ನು ಮೊದಲು ಹಾಸಿ, ಮುಂದಿನದು ಅದರ ಮೇಲೆ ಬರಲಿ, ಹೆಂಚು ಹೊದಿಸಿದ ಹಾಗೆ. ಉಲ್ಟಾ ಹಾಕಿದರೆ ಗಾಳಿ ಸಂದಿಯೊಳಗೆ ನುಗ್ಗಿ ಎರಡನ್ನೂ ಎತ್ತುತ್ತದೆ. ಮಧ್ಯದಲ್ಲಿ ಒಂದು ಖಾಲಿ ಬಾಕ್ಸ್ ಬೋರಲು ಹಾಕಿ ಎತ್ತರ ಕೊಡಿ, ಇಲ್ಲದಿದ್ದರೆ ಮಳೆ ನೀರು ಗುಂಡಿಯಾಗಿ ನಿಂತು ಅದರ ಭಾರಕ್ಕೇ ಬಟ್ಟೆ ಹರಿಯುತ್ತದೆ. ಹಿಂದಿನ ಅಂಚು ನಂಬರ್ ಪ್ಲೇಟ್ ಮೇಲಾಗಲಿ, ಲೈಟ್ ಮೇಲಾಗಲಿ ಇಳಿಬೀಳಬಾರದು.

ಅಳತೆ ಮತ್ತು ಫಿಟ್ಟಿಂಗ್

ಗಟ್ಟಿ ಕವರ್ ಆರ್ಡರ್ ಮಾಡುವ ಮುಂಚೆ ಟೇಪ್ ತಗೊಂಡು ಬಾಡಿಯ ಒಳ ಉದ್ದ, ಒಳ ಅಗಲ ಅಳೆಯಿರಿ. ಆಮೇಲೆ ಮೂಲೆಯಿಂದ ಮೂಲೆಗೆ ಓರೆಯಾಗಿ ಎರಡೂ ಕಡೆ ಅಳೆಯಿರಿ. ಎರಡು ಓರೆ ಅಳತೆ ಒಂದೇ ಇರಬೇಕು. ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ಲೋಡು ಹೊತ್ತು ಹೊತ್ತು ಬಾಡಿ ಸ್ವಲ್ಪ ಓರೆ ಆಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅಂಥ ಬಾಡಿ ಮೇಲೆ ಗಟ್ಟಿ ಮುಚ್ಚಳ ಯಾವತ್ತೂ ಸರಿಯಾಗಿ ಕೂರುವುದಿಲ್ಲ, ಒಂದು ಮೂಲೆ ಎದ್ದೇ ಇರುತ್ತದೆ. ಮೆತ್ತನೆಯದು ಹೊಂದಿಕೊಂಡು ಹೋಗುತ್ತದೆ. ಬಾಡಿ ಓರೆ ಇದ್ದರೆ ಬೇರೆ ಯೋಚನೆಯೇ ಬೇಡ, ಮೆತ್ತನೆಯದು ತಗೊಳ್ಳಿ.

ಒಳಗೆ ಪ್ಲಾಸ್ಟಿಕ್ ಲೈನರ್ ಇದ್ದರೆ ಅದು ಅಂಚಿನ ಮೇಲೆ ಮಡಿಚಿಕೊಂಡಿದೆಯಾ ನೋಡಿ. ಮಡಿಚಿಕೊಂಡಿದ್ದರೆ ಕ್ಲ್ಯಾಂಪ್ ಕೂರುವ ಕಡೆ ಲೈನರ್ ಕತ್ತರಿಸಬೇಕು. ಕ್ಯಾಬ್ ಹಿಂದೆ ಸ್ಟೀಲ್ ರೋಲ್ ಬಾರ್ ಇದ್ದರೆ ಅದನ್ನು ಮೊದಲೇ ಹೇಳಿ, ಅದಿದ್ದರೆ ಬಹಳಷ್ಟು ಕವರ್ ಕೂರುವುದೇ ಇಲ್ಲ. ಆದಷ್ಟೂ ಡ್ರಿಲ್ ಮಾಡದೆ ಕ್ಲ್ಯಾಂಪ್‌ನಲ್ಲೇ ಕೂರಿಸುವುದನ್ನು ಆರಿಸಿ. ತೂತು ಹಾಕಲೇಬೇಕಾದರೆ ತೂತಿನ ಒಳ ಅಂಚಿಗೆ ಪ್ರೈಮರ್ ಹಚ್ಚಿಸದೆ ಬೋಲ್ಟ್ ಹಾಕಲು ಬಿಡಬೇಡಿ, ತುಕ್ಕು ಶುರುವಾಗುವುದು ಅಲ್ಲೇ. ಹಾಕಿಸಿದ ಒಂದು ವಾರಕ್ಕೆ ಎಲ್ಲ ಕ್ಲ್ಯಾಂಪ್ ಇನ್ನೊಂದು ಸಲ ಬಿಗಿ ಮಾಡಿ. ನಮ್ಮ ರಸ್ತೆಗಳ ಹಂಪು ಗುಂಡಿಗೆ ಅವು ಸಡಿಲ ಆಗುತ್ತವೆ.

ಡಬ್ಬ ಕಟ್ಟಿಸುವವರಿಗೆ

ಬಿಚ್ಚಿ ತೆಗೆಯುವ ಕವರ್ ಬೇರೆ, ಬಾಡಿಗೆ ವೆಲ್ಡ್ ಮಾಡಿ ಕೂರಿಸುವ ತಗಡಿನ ಡಬ್ಬ ಬೇರೆ. ಆರ್‌ಸಿಯಲ್ಲಿ ಗಾಡಿಯ ಬಾಡಿ ಯಾವ ತರದ್ದು ಅಂತ ಬರೆದಿರುತ್ತದೆ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಹಾಗಾಗಿ ಡಬ್ಬ ಕಟ್ಟಿಸುವ ಮುಂಚೆಯೇ ನಿಮ್ಮ ಆರ್‌ಟಿಒ ಕಚೇರಿಗೆ ಆರ್‌ಸಿ ತಗೊಂಡು ಹೋಗಿ ಕೇಳಿ, ಇನ್ಶೂರೆನ್ಸ್‌ನವರಿಗೂ ತಿಳಿಸಿ. ಡಬ್ಬದ ತೂಕವೂ ನಿಮ್ಮ ಲೋಡಿನಲ್ಲೇ ಲೆಕ್ಕ. ಮಿತಿಗಿಂತ ಜಾಸ್ತಿ ಲೋಡಿಗೆ ಸೆಕ್ಷನ್ 194ರಲ್ಲಿ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್‌ಗೆ 2,000 ಇದೆ. ದಪ್ಪ ಕಬ್ಬಿಣದ ಡಬ್ಬ ಕಟ್ಟಿಸಿ, ಬಾಕ್ಸ್ ಮಾತ್ರ ಮೊದಲಿನಷ್ಟೇ ತುಂಬಿದರೆ ಏನಾಗುತ್ತದೆ ಅಂತ ಯೋಚಿಸಿ.

ಇನ್ನೊಂದು ವಿಷಯ. ಗಟ್ಟಿ ಮುಚ್ಚಳದ ಕೆಳಗೆ, ಮುಚ್ಚಿದ ಡಬ್ಬದೊಳಗೆ ಮನುಷ್ಯರನ್ನಾಗಲಿ, ಕುರಿ, ನಾಯಿಯನ್ನಾಗಲಿ ಹಾಕಬೇಡಿ. ಊರ ಜಾತ್ರೆಗೆ ಹೋಗುವಾಗ ಮಳೆ ಬಂತು, ಮಕ್ಕಳನ್ನು ಒಳಗೆ ಕೂರಿಸಿದೆವು ಅಂತ ಒಬ್ಬರು ಹೇಳಿದ್ದು ಕೇಳಿ ನನಗೆ ಎದೆ ಝಲ್ ಅಂತು. ಗಾಡಿ ಓಡುವಾಗ ಸೈಲೆನ್ಸರ್ ಹೊಗೆ ಹಿಂದಿನ ಸಂದಿಯಿಂದ ಒಳಗೆ ಎಳೆದುಕೊಳ್ಳುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಒಳಗಿರುವವರಿಗೆ ಗೊತ್ತೇ ಆಗುವುದಿಲ್ಲ. ಪೆಟ್ರೋಲ್ ಕ್ಯಾನ್, ಗ್ಯಾಸ್ ಸಿಲಿಂಡರ್ ಕೂಡ ಮುಚ್ಚಿದ ಬಾಡಿಯಲ್ಲಿ ಬೇಡ.

ನನ್ನ ಗಾಡಿಯಲ್ಲಿ ಈಗ ಏನಿದೆ ಅಂತ ಕೇಳುತ್ತೀರಿ. ವರ್ಷದ ಜಾಸ್ತಿ ದಿನ ಸುತ್ತಿಡುವ ವಿನೈಲ್ ಕವರ್ ಇರುತ್ತದೆ. ಸೀಟಿನ ಹಿಂದೆ ಒಂದು ಶೇಡ್ ನೆಟ್, ಒಂದು ದಪ್ಪ ಟಾರ್ಪಾಲು, ಹಗ್ಗ. ಫೈಬರ್ ಮುಚ್ಚಳವನ್ನು ಗೂಡು, ಟೊಮೆಟೊ ಎರಡೂ ಇಲ್ಲದ ತಿಂಗಳಲ್ಲಿ, ಬೆಂಗಳೂರಿಗೆ ಮೋಟರ್, ಸ್ಟಾರ್ಟರ್ ತರಲು ಹೋಗುವಾಗ ಹಾಕುತ್ತೇನೆ. ಅದರ ಒಂದು ಕಡೆಯ ಸ್ಟ್ರಟ್ ಈಗ ಸೋತಿದೆ, ಮುಚ್ಚಳ ಎತ್ತಿದರೆ ನಿಧಾನವಾಗಿ ಇಳಿದು ಬರುತ್ತದೆ. ನಿಮ್ಮದೂ ಹೀಗಾದರೆ ಕೋಲು ಕೊಟ್ಟು ನಿಲ್ಲಿಸಿಕೊಂಡು ತಲೆ ಒಳಗೆ ಹಾಕುವ ಕೆಲಸ ಮಾಡಬೇಡಿ. ಎರಡೂ ಸ್ಟ್ರಟ್ ಒಟ್ಟಿಗೆ ಬದಲಾಯಿಸಿ, ಒಂದನ್ನೇ ಬದಲಾಯಿಸಿದರೆ ಮುಚ್ಚಳ ತಿರುಚಿಕೊಂಡು ಹಿಂಜಿನ ಹತ್ತಿರ ಫೈಬರ್ ಬಿರಿಯುತ್ತದೆ. ಹಳೆ ಸ್ಟ್ರಟ್ ಮೇಲೆ ನ್ಯೂಟನ್ ಲೆಕ್ಕದಲ್ಲಿ ಒಂದು ಸಂಖ್ಯೆ ಬರೆದಿರುತ್ತದೆ, ಅದನ್ನು ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗಿ, ಅದೇ ಸಂಖ್ಯೆಯದು, ಅದೇ ಉದ್ದದ್ದು ಕೇಳಿ ತಗೊಳ್ಳಿ.